ಪತ್ರಿಕಾ ಫೋಟೊಗಳ ಹಳೆಯ ಟ್ರಂಕು: ಮನೆಯಲ್ಲಿಡುವುದೋ, ಸ್ಕ್ಯಾನ್ ಮಾಡಿಸುವುದೋ, ಸಂಸ್ಥೆಗೆ ಕೊಡುವುದೋ?

"ಅಪ್ಪ ಮೂವತ್ತು ವರ್ಷ ಪತ್ರಿಕೆಗೆ ಫೋಟೊ ತೆಗೆದರು. ಅಟ್ಟದಲ್ಲಿ ಎರಡು ಟ್ರಂಕು ನೆಗೆಟಿವ್ ಇದೆ. ಎಸೆಯೋಕೆ ಮನಸ್ಸಿಲ್ಲ, ಇಟ್ಕೊಳ್ಳೋಕೆ ಜಾಗ ಇಲ್ಲ. ಏನು ಮಾಡೋದು?"

ಈ ಪ್ರಶ್ನೆ ಈ ವರ್ಷ ನನಗೆ ಮೂರು ಕಡೆಯಿಂದ ಬಂತು. ಒಬ್ಬರು ಛಾಯಾಗ್ರಾಹಕರ ಮಗಳು. ಇನ್ನೊಬ್ಬರು, ನಿಂತುಹೋದ ಜಿಲ್ಲಾ ಪತ್ರಿಕೆಯೊಂದರ ಸಂಪಾದಕರ ಮಗ; ಅವರ ಬಳಿ ಒಂದು ಬೀರು ತುಂಬ ಪ್ರಿಂಟ್‌ಗಳಿವೆ. ಮೂರನೆಯವರು ಕಾಲೇಜಿನ ಪತ್ರಿಕೋದ್ಯಮ ವಿಭಾಗದ ಮೇಷ್ಟ್ರು, ಯಾರೋ ತಂದುಕೊಟ್ಟ ಪೆಟ್ಟಿಗೆ ಎದುರಿಟ್ಟುಕೊಂಡು ಕೂತಿದ್ದಾರೆ. ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಇದನ್ನೆಲ್ಲ ಕಲಿತದ್ದು ನಮ್ಮ ಚಿಕ್ಕಪ್ಪನ ಸಂಗ್ರಹದಿಂದ. ಅವರು ಶಿವಮೊಗ್ಗದಲ್ಲಿದ್ದು ಪತ್ರಿಕೆಗಳಿಗೆ ಚಿತ್ರ ಕಳಿಸುತ್ತಿದ್ದರು. ಅವರು ಹೋದಮೇಲೆ ಟ್ರಂಕು ನನ್ನ ಪಾಲಿಗೆ ಬಂತು. ಅದರಲ್ಲಿ ಒಂದು ಪ್ರಿಂಟ್: ಪೇಟೆಯ ರಸ್ತೆ ತುಂಬ ಮೆರವಣಿಗೆ, ಮುಂದೆ ಏಳೆಂಟು ಜನ ಕೈ ಎತ್ತಿ ಘೋಷಣೆ ಕೂಗುತ್ತಿದ್ದಾರೆ, ಬ್ಯಾನರಿನ ಅಕ್ಷರ ಮಡಿಕೆಯಲ್ಲಿ ಮುಚ್ಚಿಹೋಗಿದೆ. ಹಿಂಬದಿಯಲ್ಲಿ ಪೆನ್ಸಿಲ್‌ನಿಂದ "ಪುಟ 1, 3 ಕಾಲಂ" ಎಂದಿದೆ, ಮುಂಬದಿಯಲ್ಲಿ ಅಚ್ಚಿಗೆ ಬೇಕಾದ ಲೋಹದ ಬ್ಲಾಕ್ ಮಾಡುವವರಿಗೆ ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಕೆಂಪು ಗೆರೆ. ತಾರೀಖಿಲ್ಲ. ನಾನು ರಿಜಿಸ್ಟರಿನಲ್ಲಿ "ಗೋಕಾಕ್ ಚಳವಳಿ, 1982" ಎಂದು ಬರೆದುಬಿಟ್ಟೆ. ಚಿಕ್ಕಪ್ಪನ ಜೊತೆ ಓಡಾಡಿದ್ದ ಹಿರಿಯ ವರದಿಗಾರರೊಬ್ಬರಿಗೆ ತೋರಿಸಿದಾಗ ಅವರು ಕನ್ನಡಕ ತೆಗೆದು ಚಿತ್ರವನ್ನು ಮೂಗಿನ ಹತ್ತಿರ ಹಿಡಿದರು. "ಇದು ಗೋಕಾಕ್ ಅಲ್ಲಮ್ಮ. ರೈತಸಂಘದ ಮೆರವಣಿಗೆ. ಹೆಗಲ ಮೇಲೆ ನೋಡು, ಎಲ್ಲರದ್ದೂ ಹಸಿರು ಶಾಲು."

ಕಪ್ಪು-ಬಿಳುಪು ಚಿತ್ರದಲ್ಲಿ ಹಸಿರು ಕಾಣುವುದಿಲ್ಲ, ಬರೀ ಬೂದು. ಅವರು ಅಂದು ಆ ಮೆರವಣಿಗೆಯಲ್ಲಿ ನಡೆದಿದ್ದರು, ಅದಕ್ಕೇ ಅವರಿಗೆ ಕಂಡಿತು. ಆ ಒಂದು ಮಾತಿಲ್ಲದಿದ್ದರೆ ರೈತ ಚಳವಳಿಯ ಚಿತ್ರ ಭಾಷಾ ಚಳವಳಿಯ ದಾಖಲೆಯಾಗಿ ಯಾವುದಾದರೂ ಪ್ರಬಂಧ ಸೇರುತ್ತಿತ್ತು, ತಪ್ಪು ನನ್ನ ಕೈಯಿಂದಲೇ ಆಗಿರುತ್ತಿತ್ತು. ಆಮೇಲಿಂದ ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ: ಸ್ಕ್ಯಾನರ್ ಕೊಳ್ಳುವ ಮುಂಚೆ, ಚಿತ್ರ ಗುರುತಿಸಬಲ್ಲವರು ಯಾರು ಬದುಕಿದ್ದಾರೆ ನೋಡಿ. ನೆಗೆಟಿವ್ ಇನ್ನು ಐದು ವರ್ಷ ಕಾಯಬಹುದು. ಎಂಬತ್ತು ದಾಟಿದ ನೆನಪು ಕಾಯುವುದಿಲ್ಲ.

ಮೊದಲು ಅಳೆಯಬೇಕಾದ್ದು

ಯಾವ ದಾರಿ ಹಿಡಿಯುವುದಕ್ಕೂ ಮುಂಚೆ ಐದು ವಿಷಯ ನೋಡಬೇಕು: ವಸ್ತುವಿನ ಸ್ಥಿತಿ, ಅದರ ಜೊತೆಗಿರುವ ವಿವರ, ಹಕ್ಕು ಯಾರದು, ಬಳಸುವವರು ಯಾರು, ಮುಂದಿನ ಮೂವತ್ತು ವರ್ಷ ಅದನ್ನು ನೋಡಿಕೊಳ್ಳುವವರು ಯಾರು. ಹಣ ಎಷ್ಟು ಬೇಕೆನ್ನುವುದು ಈ ಐದರ ಮೇಲೇ ನಿಂತಿದೆ.

ಸ್ಥಿತಿ ತಿಳಿಯಲು ಮೂಗು ಸಾಕು. ಟ್ರಂಕಿನ ಮುಚ್ಚಳ ತೆಗೆದಕೂಡಲೇ ವಿನೆಗರಿನ ಹುಳಿ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮ್ ಕೊಳೆಯತೊಡಗಿದೆ ಎಂದರ್ಥ. ಕಳೆದ ಶತಮಾನದ ಬಹುಪಾಲು ಕಪ್ಪು-ಬಿಳುಪು ನೆಗೆಟಿವ್‌ಗಳು ಇದೇ ಅಸಿಟೇಟ್ ಮೇಲಿನವು. ಅಂಚಿನಲ್ಲಿ 'ಸೇಫ್ಟಿ' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಮಾಮೂಲಿ ಕೋಣೆಯ ಉಷ್ಣತೆಯಲ್ಲಿ ಸುಮಾರು 40–50 ವರ್ಷಕ್ಕೆ ಈ ಕೊಳೆತ ಶುರುವಾಗುತ್ತದೆ, ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಬೇಗ. ಒಮ್ಮೆ ಶುರುವಾದರೆ ನಿಲ್ಲಿಸಲಾಗದು, ತಣ್ಣಗಿಟ್ಟು ನಿಧಾನ ಮಾಡಬಹುದು, ಅಷ್ಟೇ. ಹೊರಬರುವ ಆಮ್ಲದ ಆವಿ ಪಕ್ಕದ ಒಳ್ಳೆಯ ನೆಗೆಟಿವ್‌ಗಳನ್ನೂ ಹಾಳುಮಾಡುತ್ತದೆ, ಆದ್ದರಿಂದ ವಾಸನೆ ಬಂದವನ್ನು ಅಂದೇ ಬೇರೆ ಪೆಟ್ಟಿಗೆಗೆ ಹಾಕಿ. 1950ಕ್ಕೂ ಹಿಂದಿನ ಫಿಲ್ಮ್ ಇದ್ದು ಅಂಚಿನಲ್ಲಿ 'ಸೇಫ್ಟಿ' ಇಲ್ಲದಿದ್ದರೆ ಅದು ನೈಟ್ರೇಟ್ ಇರಬಹುದು. ಅದು ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಮನೆಯಲ್ಲಿ ಇಟ್ಟುಕೊಳ್ಳುವ ಯೋಚನೆಯನ್ನೇ ಬಿಟ್ಟು ತಿಳಿದವರನ್ನು ಕೇಳಿ.

ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಬೂಷ್ಟಿನದು ದೊಡ್ಡ ಕಾಟ. ಫಿಲ್ಮಿನ ಮೇಲಿರುವ ಜೆಲಟಿನ್ ಪದರವೇ ಬೂಷ್ಟಿಗೆ ಊಟ. ಒದ್ದೆ ಬಟ್ಟೆಯಿಂದ ಒರೆಸಲು ಹೋದರೆ ಚಿತ್ರವೇ ಎದ್ದು ಬರುತ್ತದೆ. ಗಾಜಿನ ಫ್ರೇಮಿಗೆ ಅಂಟಿಕೊಂಡ ಪ್ರಿಂಟನ್ನು ಕೀಳಬೇಡಿ. ಗಾಜಿನ ಮೇಲಿಂದಲೇ ಫೋಟೊ ತೆಗೆದಿಟ್ಟುಕೊಳ್ಳಿ.

ಇನ್ನು ಹಕ್ಕು. ಇಲ್ಲಿ ಬಹಳ ಜನ ಎಡವುತ್ತಾರೆ. ಟ್ರಂಕು ನಿಮ್ಮದು ಎಂದ ಮಾತ್ರಕ್ಕೆ ಚಿತ್ರದ ಹಕ್ಕು ನಿಮ್ಮದಾಗುವುದಿಲ್ಲ. ಪತ್ರಿಕೆಯಲ್ಲಿ ಅಚ್ಚಾಗಿದೆ ಎಂದ ಮಾತ್ರಕ್ಕೆ ಎಲ್ಲ ಹಕ್ಕೂ ಪತ್ರಿಕೆಯದೂ ಆಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಪತ್ರಿಕೆಯ ನೌಕರರಾಗಿದ್ದು ಪತ್ರಿಕೆಗಾಗಿ ತೆಗೆದ ಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಪತ್ರಿಕೆಗಳಲ್ಲಿ ಪ್ರಕಟಿಸುವ ಮಟ್ಟಿಗೆ ಹಕ್ಕು ಮಾಲೀಕರದು, ಉಳಿದ ಹಕ್ಕು ಚಿತ್ರ ತೆಗೆದವರದು. ಹಾಗಾಗಿ ಅಪ್ಪ ಸಂಬಳದ ನೌಕರರಾಗಿದ್ದರೋ ಚಿತ್ರಕ್ಕಿಷ್ಟು ಎಂದು ಹಣ ಪಡೆಯುತ್ತಿದ್ದರೋ ಎನ್ನುವುದು ಮುಖ್ಯ. ಹಳೆಯ ನೇಮಕಾತಿ ಪತ್ರ, ಮನಿಯಾರ್ಡರ್ ಚೀಟಿ ಸಿಕ್ಕರೆ ಎಸೆಯಬೇಡಿ. ಅವಧಿಯ ವಿಷಯಕ್ಕೆ ಬಂದರೆ, 2012ರ ತಿದ್ದುಪಡಿಯ ನಂತರ ಫೋಟೊಗೂ ಉಳಿದ ಕೃತಿಗಳಂತೆ ಕರ್ತೃವಿನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. 1958ಕ್ಕೂ ಹಿಂದೆ ತೆಗೆದವಕ್ಕೆ ಹಳೆಯ ಕಾನೂನಿನಂತೆ ನೆಗೆಟಿವ್ ಮಾಡಿದಂದಿನಿಂದ 50 ವರ್ಷ ಎಂದು ಲೆಕ್ಕ ಹಾಕುವುದು ವಾಡಿಕೆ, ಅಂದರೆ ಅವು ಈಗ ಮುಕ್ತ. ತರಗತಿಯಲ್ಲಿ ಪಾಠಕ್ಕಾಗಿ ಪ್ರತಿ ಮಾಡಿಕೊಳ್ಳಲು ಕಾಯ್ದೆಯ 52ನೇ ಕಲಂ ಬೇರೆಯೇ ವಿನಾಯಿತಿ ಕೊಟ್ಟಿದೆ. ಮೇಷ್ಟ್ರು ಪಾಠ ಮಾಡಲು ಹೆದರಬೇಕಿಲ್ಲ. ಅದೇ ಚಿತ್ರವನ್ನು ಕಾಲೇಜಿನ ಜಾಲತಾಣಕ್ಕೆ ಹಾಕುವಾಗ ಮಾತ್ರ ಹಕ್ಕಿನ ಪ್ರಶ್ನೆ ಮತ್ತೆ ಏಳುತ್ತದೆ.

ಮನೆಯಲ್ಲೇ ಇಟ್ಟುಕೊಳ್ಳುವುದು

ಎಲ್ಲಕ್ಕಿಂತ ಅಗ್ಗದ ದಾರಿ ಇದು. ನಾಚಿಕೆಪಡುವ ದಾರಿಯೇನಲ್ಲ, ಸರಿಯಾಗಿ ಇಟ್ಟರೆ. ಅಟ್ಟ ಬೇಡ, ಹೊರಗೋಡೆಗೆ ತಾಗಿದ ಬೀರು ಬೇಡ, ಅಡುಗೆಮನೆಯ ಪಕ್ಕ ಬೇಡ. ಮನೆಯ ನಡುಕೋಣೆ, ನೆಲದಿಂದ ಒಂದಡಿ ಮೇಲೆ. ಪಿವಿಸಿ ಆಲ್ಬಮ್ಮು, ರಬ್ಬರ್ ಬ್ಯಾಂಡು, ಸೆಲ್ಲೋಟೇಪು, ನುಸಿಗುಳಿಗೆ, ಎಲ್ಲವನ್ನೂ ಹೊರಗೆ ಹಾಕಿ. ಆಮ್ಲರಹಿತ ಕಾಗದದ ಕವರು ಅಥವಾ ಪಾಲಿಪ್ರೊಪಿಲೀನ್ ತೋಳು (ಚಿತ್ರ ತೂರಿಸಿಡುವ ತೆಳು ಪ್ಲಾಸ್ಟಿಕ್ ಚೀಲ) ಸಾಕು. ತೇವಾಂಶ ತೋರಿಸುವ ಸಣ್ಣ ಮೀಟರ್ ಒಂದನ್ನು ಬೀರುವಿನೊಳಗೆ ಇಡಿ; ಶೇ 30ರಿಂದ 50ರೊಳಗಿದ್ದರೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಅದು 80 ದಾಟುತ್ತದೆ. ಆಗ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬವೋ, ಕ್ಯಾಮೆರಾ ಇಡುವ ಡ್ರೈ ಕ್ಯಾಬಿನೆಟ್ಟೋ ಬೇಕು. ಹುಳಿ ವಾಸನೆ ಬರುವ ಫಿಲ್ಮನ್ನು ಮಾತ್ರ ಬಿಗಿಯಾಗಿ ಮುಚ್ಚಿಡಬಾರದು, ಆವಿ ಒಳಗೇ ಉಳಿದು ಕೊಳೆತ ಹೆಚ್ಚುತ್ತದೆ.

ಕೊರತೆ ಏನೆಂದರೆ, ಮನೆಯಲ್ಲಿರುವುದು ಸಂಶೋಧಕರಿಗೆ ಗೊತ್ತಾಗುವುದಿಲ್ಲ. ಮತ್ತೆ, ನಿಮ್ಮ ಕಾಲದವರೆಗೆ ನಿಮ್ಮ ಕಾಳಜಿ ಇದೆ, ಮಕ್ಕಳದ್ದು ಯಾರಿಗೆ ಗೊತ್ತು.

ನಾವೇ ಸ್ಕ್ಯಾನ್ ಮಾಡುವುದು

ಸಮಯ ಇದ್ದು ಕೈ ಸ್ಥಿರವಾಗಿದ್ದವರಿಗೆ ಇದು ಬಲು ತೃಪ್ತಿಯ ಕೆಲಸ. ಎರಡು ಬಗೆ ಇದೆ. ಫಿಲ್ಮಿಗೆ ಹಿಂಬೆಳಕು ಕೊಡುವ ಫ್ಲಾಟ್‌ಬೆಡ್ ಸ್ಕ್ಯಾನರ್ ಒಂದು. ಪ್ರಿಂಟ್ ಕೂಡ ಅದರಲ್ಲೇ ಆಗುತ್ತದೆ, ಆದರೆ ನಿಧಾನ, ಒಂದು ರೋಲಿಗೆ ಗಂಟೆಗೂ ಹೆಚ್ಚು. ಡಬ್ಬದ ಮೇಲೆ 6400 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ) ಎಂದು ಬರೆದಿದ್ದರೂ ನಿಜವಾಗಿ ಸಿಗುವ ಸೂಕ್ಷ್ಮತೆ ಅದರ ಅರ್ಧಕ್ಕಿಂತ ಕಡಿಮೆ, ಆದ್ದರಿಂದ 35 ಎಂಎಂ ಫಿಲ್ಮಿಗೆ 3200ರಲ್ಲಿ ನಿಲ್ಲಿಸಿದರೆ ನಷ್ಟವಿಲ್ಲ. ಇನ್ನೊಂದು, ಡಿಜಿಟಲ್ ಕ್ಯಾಮೆರಾಕ್ಕೆ ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ಹಾಕಿ, ಬೆಳಕಿನ ಹಲಗೆಯ ಮೇಲೆ ನೆಗೆಟಿವ್ ಇಟ್ಟು ನೇರ ಮೇಲಿಂದ ಫೋಟೊ ತೆಗೆಯುವುದು. ಹೊಂದಿಸಿಕೊಳ್ಳಲು ಒಂದು ದಿನ ಹೋಗುತ್ತದೆ, ಆಮೇಲೆ ಒಂದು ರೋಲು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಒಳ್ಳೆಯ ಕ್ಯಾಮೆರಾ ಮನೆಯಲ್ಲಿ ಈಗಾಗಲೇ ಇದ್ದು, ರೋಲುಗಳು ನೂರು ದಾಟಿದ್ದರೆ ನನ್ನ ಮತ ಕ್ಯಾಮೆರಾಕ್ಕೆ. ಪ್ರಿಂಟ್‌ಗಳೇ ಹೆಚ್ಚಿದ್ದರೆ ಫ್ಲಾಟ್‌ಬೆಡ್.

ಧೂಳು, ಗೀರು ತಾನಾಗಿಯೇ ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯ ಹಲವು ಸ್ಕ್ಯಾನರ್‌ಗಳಲ್ಲಿದೆ. ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ. ಹಳೆಯ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯ ಕಣ. ಇನ್‌ಫ್ರಾರೆಡ್ ಅದನ್ನೂ ಧೂಳೆಂದೇ ತಿಳಿಯುತ್ತದೆ. ಬಣ್ಣದ ನೆಗೆಟಿವ್‌ಗೆ ಮಾತ್ರ ಅದು ಉಪಯೋಗ.

ಜಾಗದ ಲೆಕ್ಕ ಹೀಗಿದೆ. 35 ಎಂಎಂನ ಒಂದು ಫ್ರೇಮನ್ನು 3200 ಡಿಪಿಐ, 16 ಬಿಟ್ ಗ್ರೇ ಟಿಫ್ (ಚಿತ್ರದ ವಿವರ ಕಳೆಯದೆ ಉಳಿಸುವ ಫೈಲು) ಮಾಡಿದರೆ ಸುಮಾರು 27 ಎಂಬಿ. 36 ಫ್ರೇಮಿನ ಒಂದು ರೋಲಿಗೆ ಒಂದು ಜಿಬಿಯಷ್ಟು, ಸಾವಿರ ರೋಲಿಗೆ ಒಂದು ಟಿಬಿಯಷ್ಟು. ಹಾರ್ಡ್ ಡಿಸ್ಕ್ ಮೂರು ಬೇಕು: ಎರಡು ಮನೆಯಲ್ಲಿ, ಒಂದು ಬೇರೆ ಊರಿನ ನೆಂಟರಲ್ಲಿ. ಒಂದೇ ಡಿಸ್ಕಿನಲ್ಲಿಟ್ಟ ಸ್ಕ್ಯಾನನ್ನು ನಾನು ಉಳಿದದ್ದು ಎಂದು ಎಣಿಸುವುದಿಲ್ಲ.

ಮತ್ತೊಂದು ಉಪಾಯ. ಎಲ್ಲವನ್ನೂ ದೊಡ್ಡದಾಗಿ ಸ್ಕ್ಯಾನ್ ಮಾಡುವ ಮೊದಲು, ಒಂದು ರೋಲಿನ ಪಟ್ಟಿಗಳನ್ನೆಲ್ಲ ಪಾರದರ್ಶಕ ತೋಳಿನಲ್ಲಿ ಸೇರಿಸಿ, ಬೆಳಕಿನ ಹಲಗೆಯ ಮೇಲಿಟ್ಟು ಮೊಬೈಲಿನಲ್ಲಿ ಒಂದೇ ಫೋಟೊ ತೆಗೆಯಿರಿ. ಫೋನಿನಲ್ಲೇ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿ ತಿರುವಿದರೆ ಹಳೆಯ ಕಾಂಟ್ಯಾಕ್ಟ್ ಶೀಟ್, ಅಂದರೆ ರೋಲಿನ ಎಲ್ಲ ಚಿತ್ರ ಒಟ್ಟಿಗೆ ಸಣ್ಣದಾಗಿ ಕಾಣುವ ಹಾಳೆ, ಸಿದ್ಧ. ಖರ್ಚು ಏನೂ ಇಲ್ಲ. ಹಿರಿಯರ ಮುಂದೆ ಇಡಲು, ಯಾವುದು ಬೇಕು ಯಾವುದು ಬೇಡ ಎಂದು ಆರಿಸಲು ಇಷ್ಟೇ ಸಾಕು.

ಲ್ಯಾಬಿಗೆ ಕೊಡುವುದು

ಫ್ರೇಮಿಗಿಷ್ಟು ಎಂದು ದರ ಹೇಳುತ್ತಾರೆ. 20 ರೂಪಾಯಿ ಎಂದೇ ಇಟ್ಟುಕೊಳ್ಳಿ. ಹತ್ತು ಸಾವಿರ ಫ್ರೇಮಿಗೆ 2 ಲಕ್ಷವಾಯಿತು. ಅದಕ್ಕೇ ಆಯ್ಕೆ ಮೊದಲು, ಲ್ಯಾಬ್ ಆಮೇಲೆ. ಆದರೆ ಹಣಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಮೊದಲ ಸಲ ನಾನು ಒಂದು ಲ್ಯಾಬಿಗೆ ನಲವತ್ತು ರೋಲು ಕೊಟ್ಟೆ. ಸ್ಕ್ಯಾನ್ ಚೆನ್ನಾಗಿಯೇ ಬಂತು. ನೆಗೆಟಿವ್‌ಗಳನ್ನು ಹೊಸ ಪ್ಲಾಸ್ಟಿಕ್ ತೋಳಿಗೆ ಹಾಕಿ ಅಂದವಾಗಿ ಜೋಡಿಸಿ ಕೊಟ್ಟರು. ಹಳೆಯ ಬಟರ್ ಪೇಪರ್ ಲಕೋಟೆಗಳೆಲ್ಲಿ ಎಂದು ಕೇಳಿದರೆ, "ಎಲ್ಲ ಹಳದಿ ಆಗಿತ್ತು ಮೇಡಂ, ಬಿಸಾಕಿದ್ವಿ" ಅಂದರು. ಚಿಕ್ಕಪ್ಪ ತಾರೀಖು, ಊರು ಬರೆದಿದ್ದುದು ಅದೇ ಲಕೋಟೆಗಳ ಮೇಲೆ. ಆ ನಲವತ್ತು ರೋಲುಗಳಲ್ಲಿ ಅರ್ಧಕ್ಕೂ ಹೆಚ್ಚು ಎಲ್ಲಿಯವೆಂದು ಇವತ್ತಿಗೂ ಗೊತ್ತಾಗಿಲ್ಲ.

ಆದ್ದರಿಂದ ಕೊಡುವ ಮೊದಲು ಪ್ರತಿ ಲಕೋಟೆಗೂ ನೆಗೆಟಿವ್‌ಗೂ ಒಂದೇ ಸಂಖ್ಯೆ ಕೊಡಿ, ಲಕೋಟೆಯ ಫೋಟೊ ತೆಗೆಯಿರಿ, ಲಕೋಟೆಯನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಪ್ರಿಂಟ್ ಆದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕೆಂದು ಬರವಣಿಗೆಯಲ್ಲಿ ಹಾಕಿಸಿ. ಜೆಪೆಗ್ ಸಾಲದು, ಟಿಫ್ ಕೇಳಿ. ಹೊಳಪು ಹೆಚ್ಚಿಸುವುದು, ಮುಖ ನಯ ಮಾಡುವುದು ಯಾವುದೂ ಬೇಡ ಎಂದು ಖಂಡಿತವಾಗಿ ಹೇಳಿ. ಇದು ಮದುವೆ ಆಲ್ಬಮ್ ಅಲ್ಲ, ದಾಖಲೆ.

ಸಂಸ್ಥೆಗೆ ಒಪ್ಪಿಸುವುದು

ಮುಂದಿನ ಮೂವತ್ತು ವರ್ಷ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಇದೊಂದೇ. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ (1913–2012) ತಮ್ಮ ಸಂಗ್ರಹವನ್ನು ದೆಹಲಿಯ ಅಲ್ಕಾಜಿ ಪ್ರತಿಷ್ಠಾನಕ್ಕೆ ವಹಿಸಿದರು. ಸ್ವಾತಂತ್ರ್ಯದ ಹೊತ್ತಿನ ದೆಹಲಿಯನ್ನು ಓದುವವರಿಗೆ ಅದು ಇವತ್ತು ಆಕರ. ನಮ್ಮಲ್ಲಿ ಕರ್ನಾಟಕ ರಾಜ್ಯ ಪತ್ರಾಗಾರವಿದೆ, ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯ 'ಮ್ಯಾಪ್' ಇದೆ, ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ಮತ್ತು ಇತಿಹಾಸ ವಿಭಾಗಗಳಿವೆ. ಪ್ರತಿಯೊಂದರ ಆಸಕ್ತಿ ಬೇರೆ. ಕಲಾ ಸಂಗ್ರಹಾಲಯ ಚಿತ್ರದ ಚೆಲುವನ್ನೂ ನೋಡುತ್ತದೆ. ತಾಲ್ಲೂಕು ಪಂಚಾಯ್ತಿ ಸಭೆಯ ಮುನ್ನೂರು ಚಿತ್ರ ಅದಕ್ಕೆ ಬೇಕಾಗಲಿಕ್ಕಿಲ್ಲ, ಆ ಜಿಲ್ಲೆಯ ರಾಜಕಾರಣ ಓದುವವನಿಗೆ ಮಾತ್ರ ಅದೇ ಚಿನ್ನ.

ಕೊಡುವ ಮುಂಚೆ ಹೋಗಿ ಅವರ ಕೋಣೆ ನೋಡಿ ಬನ್ನಿ. ಎಸಿ ಹಗಲು ಮಾತ್ರ ಓಡುತ್ತದೆಯೋ ರಾತ್ರಿಯೂ ಓಡುತ್ತದೆಯೋ? ಹಿಂದೆ ಬಂದ ಸಂಗ್ರಹಕ್ಕೆ ಪಟ್ಟಿ ಆಗಿದೆಯೇ, ಕನ್ನಡದಲ್ಲಿ ಹುಡುಕಬಹುದೇ? ಹೊರಗಿನ ವಿದ್ಯಾರ್ಥಿ ಬಂದರೆ ತೋರಿಸುತ್ತಾರೆಯೇ? ಕುಟುಂಬಕ್ಕೆ ಡಿಜಿಟಲ್ ಪ್ರತಿ ಕೊಡುತ್ತಾರೆಯೇ? ದಾನಪತ್ರದಲ್ಲಿ ವಸ್ತುವಿನ ಒಡೆತನ ಮತ್ತು ಚಿತ್ರದ ಹಕ್ಕು ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿ. ಸಂಸ್ಥೆ ಮುಚ್ಚಿದರೆ ಸಂಗ್ರಹ ಎಲ್ಲಿಗೆ ಹೋಗಬೇಕು ಎನ್ನುವುದೂ ಇರಲಿ.

ಸುರಕ್ಷತೆ ಹೆಚ್ಚಿದಷ್ಟೂ ಚಿತ್ರ ಕೈಗೆ ದೂರವಾಗುತ್ತದೆ, ಇದು ನಿಜ. ಅಮೆರಿಕದ ಬೆಟ್‌ಮನ್ ಸಂಗ್ರಹದ ಲಕ್ಷಾಂತರ ಸುದ್ದಿಚಿತ್ರಗಳಿಗೆ ಇದೇ ವಿನೆಗರ್ ರೋಗ ತಗುಲಿದಾಗ, 2001–02ರ ಹೊತ್ತಿಗೆ ಅವನ್ನು ನ್ಯೂಯಾರ್ಕಿನಿಂದ ಎತ್ತಿ ಪೆನ್ಸಿಲ್ವೇನಿಯಾದ ಹಳೆಯ ಸುಣ್ಣಕಲ್ಲಿನ ಗಣಿಯೊಳಗಿನ ಶೀತಲ ಕೋಣೆಗೆ ಸಾಗಿಸಿದರು. ಕೊಳೆತ ತಗ್ಗಿತು. ನಗರದ ನಡುವೆ ಹೋಗಿ ಡ್ರಾಯರ್ ಎಳೆದು ನೋಡುವ ಕಾಲವೂ ಮುಗಿಯಿತು.

"ನಾವೇ ಕೊಂಡು, ಡಿಜಿಟಲ್ ಮಾಡಿ, ಪ್ರತಿ ಕೊಡುತ್ತೇವೆ" ಎಂದು ಬರುವ ವ್ಯಾಪಾರಿಗಳಿಗೆ ಮಾತ್ರ ಎಚ್ಚರ. ಅಮೆರಿಕದ ಅರ್ಕನ್ಸಾಸಿನ ಒಬ್ಬ ವ್ಯಾಪಾರಿ ಇದೇ ಮಾತು ಕೊಟ್ಟು ಅಲ್ಲಿನ ದೊಡ್ಡ ದೊಡ್ಡ ಪತ್ರಿಕೆಗಳ, ಆಸ್ಟ್ರೇಲಿಯಾ-ನ್ಯೂಜಿಲೆಂಡಿನ ಪತ್ರಿಕೆಗಳ ಮೂಲ ಪ್ರಿಂಟ್‌ಗಳನ್ನು ತರಿಸಿಕೊಂಡ. ಕೊನೆಗೆ ಅವನು ವಂಚನೆಯ ಪ್ರಕರಣದಲ್ಲಿ ಜೈಲಿಗೆ ಹೋದ, ಚಿತ್ರಗಳು ಅವನಿಗೆ ಸಾಲ ಕೊಟ್ಟವರ ವ್ಯಾಜ್ಯದಲ್ಲಿ ಸಿಕ್ಕಿಬಿದ್ದವು.

ಜಾಲದಲ್ಲಿ ಮುಕ್ತವಾಗಿ ಹಾಕುವುದು

ಶಾಲೆ-ಕಾಲೇಜಿನ ಬಳಕೆಗೆ ಇದಕ್ಕಿಂತ ಒಳ್ಳೆಯದಿಲ್ಲ. 2008ರ ಜನವರಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಬೇನ್ ಸುದ್ದಿಸಂಸ್ಥೆಯ ಹಳೆಯ ಗಾಜಿನ ನೆಗೆಟಿವ್‌ಗಳಲ್ಲಿ ಸುಮಾರು ಒಂದೂವರೆ ಸಾವಿರವನ್ನು ಫ್ಲಿಕರ್ ಎಂಬ ಫೋಟೊ ಹಂಚುವ ಜಾಲತಾಣದಲ್ಲಿ ಹಾಕಿತು. ನೋಡಿದವರು ಹಳೆಯ ಪತ್ರಿಕೆ ಕೆದಕಿ ವ್ಯಕ್ತಿ, ಸ್ಥಳ, ತಾರೀಖು ಹುಡುಕಿಕೊಟ್ಟರು, ಗ್ರಂಥಾಲಯ ಅವನ್ನು ಪರಿಶೀಲಿಸಿ ತನ್ನ ಪಟ್ಟಿ ತಿದ್ದಿತು. ನಮ್ಮ ಹಸಿರು ಶಾಲಿನ ಕತೆಯೇ ಅದು, ಸಾವಿರಾರು ಕಣ್ಣುಗಳೊಂದಿಗೆ.

ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿದರೆ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ಒಮ್ಮೆ ಕೊಟ್ಟ ಅನುಮತಿ ವಾಪಸಿಲ್ಲ. ಮಾರಾಟದ ಆಸೆ ಸ್ವಲ್ಪವಾದರೂ ಇದ್ದರೆ ಜರ್ಮನಿಯ ಕೇಂದ್ರ ಪತ್ರಾಗಾರದ ದಾರಿ ನೋಡಿ: 2008ರ ಕೊನೆಯಲ್ಲಿ ಅದು ಒಂದು ಲಕ್ಷದ ಹತ್ತಿರ ಚಿತ್ರಗಳನ್ನು ಸಣ್ಣ ಅಳತೆಯಲ್ಲಿ ಕಾಮನ್ಸ್‌ಗೆ ಕೊಟ್ಟು, ದೊಡ್ಡವನ್ನು ತನ್ನಲ್ಲೇ ಉಳಿಸಿಕೊಂಡಿತು. ಪಾಠಕ್ಕೆ ಸಣ್ಣದು ಸಾಕಲ್ಲ.

ಎಲ್ಲವನ್ನೂ ಹಾಕಬೇಕೆಂದಿಲ್ಲ. ಪತ್ರಿಕಾ ಸಂಗ್ರಹದಲ್ಲಿ ಅಪಘಾತದ ಹೆಣಗಳಿರುತ್ತವೆ, ಠಾಣೆಯ ಮುಂದೆ ಅಳುವ ತಾಯಂದಿರಿರುತ್ತಾರೆ, ಅತ್ಯಾಚಾರಕ್ಕೆ ಒಳಗಾದವರ ಮುಖವಿರುತ್ತದೆ. ಕೊನೆಯದನ್ನು ಪ್ರಕಟಿಸುವುದು ಅಪರಾಧ. ಉಳಿದವಕ್ಕೆ ನಮ್ಮ ಮನಸ್ಸಾಕ್ಷಿಯೇ ಕಾನೂನು. ಅಂಥವು ಸಂಶೋಧಕರು ಕೇಳಿದರೆ ಮಾತ್ರ ತೋರಿಸುವ ಪೆಟ್ಟಿಗೆಯಲ್ಲಿರಲಿ.

ಆ ಮೂವರಿಗೆ

ಮಗಳಿಗೆ: ಟ್ರಂಕಿನಲ್ಲಿ ಹುಳಿ ವಾಸನೆ ಇದೆ ಎಂದಿದ್ದೀರಿ. ವಾಸನೆ ಬಂದವನ್ನು ಬೇರೆ ಮಾಡಿ, ಮೊಬೈಲಿನ ಕಾಂಟ್ಯಾಕ್ಟ್ ಶೀಟ್ ಈ ತಿಂಗಳೇ ಮುಗಿಸಿ, ಆಯ್ದ ಇನ್ನೂರು-ಮುನ್ನೂರನ್ನು ಕ್ಯಾಮೆರಾದಲ್ಲಿ ತೆಗೆಯಿರಿ, ಮೂಲವನ್ನು ತಣ್ಣನೆ ಕೋಣೆಯಿರುವ ಸಂಸ್ಥೆಗೆ ಕೊಡಿ. ಮನೆಯಲ್ಲಿಟ್ಟುಕೊಂಡರೆ ಮುಂದಿನ ಕೆಲವು ಮಳೆಗಾಲಗಳಲ್ಲಿ ಅದು ಸುರುಟಿಕೊಳ್ಳುತ್ತದೆ.

ಸಂಪಾದಕರ ಮಗನಿಗೆ: ನಿಮ್ಮವು ಪ್ರಿಂಟ್‌ಗಳು, ಒಣಗಿವೆ, ಹಿಂಬದಿಯಲ್ಲಿ ಬರಹವಿದೆ. ಆತುರವಿಲ್ಲ. ಒಂದು ಫ್ಲಾಟ್‌ಬೆಡ್ ಕೊಂಡು 600 ಡಿಪಿಐನಲ್ಲಿ ಎರಡೂ ಬದಿ ಮಾಡುತ್ತಾ ಹೋಗಿ. ಪತ್ರಿಕೆಯ ಹಳೆಯ ಸಂಚಿಕೆಗಳು ಸಿಕ್ಕರೆ ಬಿಡಬೇಡಿ, ಯಾವ ಪ್ರಿಂಟ್ ಯಾವ ದಿನ ಅಚ್ಚಾಯಿತು ಎಂದು ಅವೇ ಹೇಳುತ್ತವೆ. ಜಾಲಕ್ಕೆ ಹಾಕುವ ಮೊದಲು, ಚಿತ್ರ ತೆಗೆದವರ ಮನೆಯವರನ್ನು ಕೇಳಿ. ಪತ್ರಿಕೆ ನಿಮ್ಮ ತಂದೆಯದಾದರೂ ಉಳಿದ ಹಕ್ಕು ಆ ಮನೆಯವರದಿರಬಹುದು.

ಮೇಷ್ಟ್ರಿಗೆ: ನಿಮ್ಮಲ್ಲಿ ಹಣವಿಲ್ಲ, ಆದರೆ ಅರುವತ್ತು ವಿದ್ಯಾರ್ಥಿಗಳಿದ್ದಾರೆ. ಒಬ್ಬೊಬ್ಬರಿಗೆ ಹತ್ತು ಚಿತ್ರ ಕೊಟ್ಟು ಆ ಊರುಗಳಿಗೆ ಕಳಿಸಿ. ಹಿರಿಯರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಲಿ, ಯಾರು ಹೇಳಿದರು, ಯಾವತ್ತು ಹೇಳಿದರು ಎಂಬುದನ್ನೂ ಬರೆಯಲಿ. ಇಬ್ಬರು ಎರಡು ರೀತಿ ಹೇಳಿದರೆ ಎರಡನ್ನೂ ಇಡಲಿ, ತಾವೇ ತೀರ್ಪು ಕೊಡಬಾರದು. ಆ ವಿವರವನ್ನು ಬೇರೆ ಎಕ್ಸೆಲ್ ಹಾಳೆಯಲ್ಲಷ್ಟೇ ಅಲ್ಲ, ಚಿತ್ರದ ಫೈಲಿನೊಳಗೇ ಐಪಿಟಿಸಿ (ಸುದ್ದಿಚಿತ್ರಗಳ ವಿವರ ಬರೆಯುವ ಮಾನಕ) ವಿವರಣೆಯ ಜಾಗದಲ್ಲಿ ತುಂಬಿಸಿ; ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡದಲ್ಲೇ ಬರೆಯಬಹುದು. ಫೈಲು ಎಲ್ಲಿಗೆ ಹೋದರೂ ಮಾತು ಅದರ ಜೊತೆಗೇ ಹೋಗುತ್ತದೆ. ಪೆಟ್ಟಿಗೆ ತಂದುಕೊಟ್ಟವರಿಂದ ಒಂದು ಪುಟದ ಒಪ್ಪಿಗೆ ಪತ್ರ ಇನ್ನೂ ಬರೆಸಿಕೊಂಡಿಲ್ಲ ಎಂದಿದ್ದಿರಿ. ಹುಡುಗರನ್ನು ಕಳಿಸುವ ಮೊದಲು ಅದು ಆಗಲಿ.